‘ಮಾತ್ರೆ ನಿಲ್ಲಿಸಿ’ ಎನ್ನುವ ಸಕ್ಕರೆ ಕಾಯಿಲೆ ಕ್ಲಿನಿಕ್ಕಿಗೆ ಹೋಗುವ ಮುನ್ನ

ಮೈಸೂರಿನಲ್ಲಿ ‘ಮೂರು ತಿಂಗಳಲ್ಲಿ ಮಾತ್ರೆಯಿಂದ ಮುಕ್ತಿ’ ಎಂಬ ಬೋರ್ಡು ನೋಡಿ ಒಳಗೆ ಹೋದೆ. 24,300 ರೂಪಾಯಿ ಕಳೆದುಕೊಂಡು ಹೊರಗೆ ಬಂದೆ. ಹಣ ಹಾಳಾಗಲಿ, ನಾಚಿಕೆಯನ್ನು ಎಲ್ಲಿ ಇಟ್ಟುಕೊಳ್ಳಲಿ? 31 ವರ್ಷ ಬ್ಯಾಂಕಿನ ಕೌಂಟರಿನಲ್ಲಿ ಕುಳಿತು ‘ಓದಿ ಸಹಿ ಮಾಡಿ’ ಎಂದು ಊರಿಗೆಲ್ಲ ಹೇಳಿದವನು ನಾನು.

ಹನ್ನೆರಡು ದಿನದ ಹಿಂದಷ್ಟೇ ಮಾಡಿಸಿದ ಎಚ್‌ಬಿಎ1ಸಿ ವರದಿ ಕೈಯಲ್ಲಿತ್ತು, 7.4. ‘ಹೊರಗಿನ ವರದಿ ನಾವು ನೋಡುವುದಿಲ್ಲ’ ಎಂದು ಮತ್ತೆ ರಕ್ತ ತೆಗೆದರು. ರಕ್ತದ ಸಕ್ಕರೆಯ ಸುಮಾರು ಮೂರು ತಿಂಗಳ ಸರಾಸರಿ ಹೇಳುವ ಪರೀಕ್ಷೆ ಅದು, ಹನ್ನೆರಡು ದಿನದಲ್ಲಿ ಏನು ಬದಲಾದೀತು? ಬಂದದ್ದು 7.3. ಫೀಸು, ಪರೀಕ್ಷೆ ಸೇರಿ 4,800. ಅಲ್ಲೇ ಎದ್ದು ಬರಬೇಕಿತ್ತು. ಬರಲಿಲ್ಲ.

ವೈದ್ಯರು ಪಾದ ನೋಡಲಿಲ್ಲ, ಕಣ್ಣಿನ ಪರೀಕ್ಷೆ ಯಾವಾಗ ಮಾಡಿಸಿದ್ದು ಎಂದು ಕೇಳಲಿಲ್ಲ. ಮೆಟ್‌ಫಾರ್ಮಿನ್ ಎಂದರೆ ನಾನು ನುಂಗುತ್ತಿದ್ದ ಸಕ್ಕರೆ ಮಾತ್ರೆ. ‘ಅದನ್ನು ಇಂದೇ ನಿಲ್ಲಿಸಿ, ಕಿಡ್ನಿ ತಿನ್ನುತ್ತದೆ’ ಎಂದರು. ಬದಲಿಗೆ ಹಸಿರು ಪುಡಿ, ಡಬ್ಬಿಗೆ 6,500. ಮೂರು ಡಬ್ಬಿ ಕೊಂಡೆ. ಹೌದು, ಮೂರು!

ಮೂರು ವಾರಕ್ಕೆ ಊಟದ ನಂತರದ ಸಕ್ಕರೆ 286. ರಾತ್ರಿ ನಾಲ್ಕು ಸಲ ಮೂತ್ರಕ್ಕೆ ಏಳುತ್ತಿದ್ದೆ. ವಾಟ್ಸಾಪಿನಲ್ಲಿ ಕೇಳಿದರೆ, ‘ವಿಷ ಹೊರಬರುತ್ತಿದೆ ಸರ್, ಒಳ್ಳೆಯ ಲಕ್ಷಣ.’ ಎರಡು ದಿನ ಬಿಟ್ಟು 312. ‘ಮುದ್ದೆ ತಿಂದಿರಾ?’ ಅರ್ಧ ತಿಂದೆ ಎಂದೆ. ‘ಅದಕ್ಕೇ ನೋಡಿ.’ ತಪ್ಪು ನನ್ನದು, ಮುದ್ದೆಯದು! ಎಂಟು ವರ್ಷದಿಂದ ಅದೇ ಮುದ್ದೆ ತಿನ್ನುತ್ತಿದ್ದೇನೆ, ಸಕ್ಕರೆ ಎಂದೂ ಇನ್ನೂರೈವತ್ತು ದಾಟಿರಲಿಲ್ಲ.

ಕೊನೆಗೆ ಸೊಸೆ ಡಬ್ಬಿ ತಿರುಗಿಸಿ, ‘ಮಾವ, ಇದನ್ನು ಓದಿದಿರಾ?’ ಎಂದಳು. ಭೂತಗನ್ನಡಿ ಹಿಡಿದು ನೋಡಿದೆ. ಬಾರ್‌ಕೋಡಿನ ಪಕ್ಕದಲ್ಲಿ, ಇರುವೆಗಿಂತ ಸಣ್ಣ ಇಂಗ್ಲಿಷ್ ಅಕ್ಷರಗಳಲ್ಲಿ, ಇದು ಆಹಾರ ಪೂರಕ, ಔಷಧಿಯಾಗಿ ಬಳಸಲು ಅಲ್ಲ ಎಂದು ಬರೆದಿತ್ತು. ಸೊಸೆ ನಗಲಿಲ್ಲ. ನಕ್ಕಿದ್ದರೆ ವಾಸಿ ಇತ್ತು.

ಸೀಲ್ ಒಡೆಯದ ಎರಡು ಡಬ್ಬಿ ಹಿಂದಿರುಗಿಸಲು ಹೋದೆ. ಕೌಂಟರಿನ ಹುಡುಗ ತಲೆ ಎತ್ತದೆ, ‘ಔಷಧಿ ವಾಪಸು ಪಡೆಯುವುದಿಲ್ಲ ಸರ್’ ಎಂದ. ಔಷಧಿಯಂತೆ! ಡಬ್ಬಿ ತಿರುಗಿಸಿ ತೋರಿಸಿದೆ. ‘ಅದು ಕಂಪನಿಯವರು ಹಾಕುವುದು, ನಮಗೆ ಸಂಬಂಧವಿಲ್ಲ.’

ಹಳೆಯ ವೈದ್ಯರ ಬಳಿಗೇ ತಲೆ ತಗ್ಗಿಸಿಕೊಂಡು ಹೋದೆ. ಕಿಡ್ನಿ ಸರಿಯಾಗಿಯೇ ಇದೆ, ಅದನ್ನು ಯಾವ ಮೆಟ್‌ಫಾರ್ಮಿನ್ನೂ ತಿಂದಿಲ್ಲ ಎಂದು ಬೈದು ಮಾತ್ರೆ ಮತ್ತೆ ಶುರು ಮಾಡಿಸಿದರು.

ನಿಮಗೂ ಯಾರಾದರೂ ಮಾತ್ರೆ ನಿಲ್ಲಿಸಿ ಎಂದರೆ ಇನ್ನೊಬ್ಬ ವೈದ್ಯರನ್ನು ಕೇಳದೆ ನಿಲ್ಲಿಸಬೇಡಿ. ಇನ್ಸುಲಿನ್ ತೆಗೆದುಕೊಳ್ಳುವವರಂತೂ ಖಂಡಿತ ಬೇಡ, ಜೀವಕ್ಕೇ ಅಪಾಯ. ಬೋರ್ಡಿನಲ್ಲಿ ‘ತಜ್ಞ’ ಎಂದಿದ್ದರೆ ಯಾವ ಪದವಿ, ಎಂ.ಡಿ.ಯೋ, ಅದರ ಮೇಲಿನ ಡಿ.ಎಂ. ಪದವಿಯೋ, ಕರ್ನಾಟಕ ವೈದ್ಯಕೀಯ ಪರಿಷತ್ತಿನ ನೋಂದಣಿ ಸಂಖ್ಯೆ ಯಾವುದು ಎಂದು ಕೇಳಿ. ಅಷ್ಟು ಕೇಳಿದ್ದಕ್ಕೆ ಮುಖ ಸಿಂಡರಿಸಿದರೆ ಚಪ್ಪಲಿ ಮೆಟ್ಟಿಕೊಂಡು ಹೊರಟುಬನ್ನಿ.