ಕೈಕಸೂತಿಯ ಚೀಟಿ ಹೊತ್ತ ಇಳಕಲ್ ಸೀರೆ

ಗೃಹಪ್ರವೇಶದ ದಿನ ಹಾವೇರಿಯ ಸೋದರತ್ತೆಯವರು ನನಗೆ ಆಯೇರಿ ಮಾಡಿದ ದಾಳಿಂಬೆ ಬಣ್ಣದ ಇಳಕಲ್ ಸೀರೆಯನ್ನು ಹುಬ್ಬಳ್ಳಿಯ ಅಂಗಡಿಯೊಂದರಲ್ಲಿ ಕೊಂಡಿದ್ದರು; ಅದರ ಮೇಲೆ ‘ಧಾರವಾಡ ಕೈಕಸೂತಿ’ ಎಂಬ ಚೀಟಿಯಿತ್ತು. ರಾತ್ರಿ ಸೆರಗನ್ನು ತಿರುವಿ ನೋಡಿದಾಗ ಮನಸ್ಸು ಮುದುಡಿತು. ಕೈಕಸೂತಿಯಲ್ಲಿ ಬಟ್ಟೆಯ ಎಳೆಗಳನ್ನು ಎಣಿಸಿ, ಗಂಟು ಹಾಕದೆ ಹೊಲಿಯುವ ಗವಂತಿ ಮತ್ತು ಮುರ್ಗಿ ಹೊಲಿಗೆಗಳು ಎರಡೂ ಬದಿಯಲ್ಲಿ ಒಂದೇ ರೀತಿ ಕಾಣಬೇಕು. ಇಲ್ಲಿಯಾದರೋ ಗೋಪುರ, ತೇರುಗಳ ಚಿತ್ತಾರದ ಹಿಂಬದಿಯಲ್ಲಿ ಬಿಳಿ ದಾರ ಒತ್ತಾಗಿ ತುಂಬಿಕೊಂಡು, ಅಂಟಿಸಿದ ಗಡುಸು ಕಾಗದ ಉಗುರಿಗೆ ತಾಗುತ್ತಿತ್ತು. ಅದು ಯಂತ್ರದ ಕೆಲಸ.

ಸೀರೆಯನ್ನು ಪೂರ್ತಿ ಹಳಿಯುವಂತಿಲ್ಲ. ಎರಡು ಬಾರಿ ಒಗೆದರೂ ಬಣ್ಣ ಬಿಟ್ಟಿಲ್ಲ. ಒಡಲಿಗೆ ಸೆರಗನ್ನು ನೂಲಿನ ಕೊಂಡಿಗಳಿಂದ ಕೂಡಿಸಿದ ಜಾಗವೂ ಬಿಗಿಯಾಗಿದೆ.

ಬದಲಾಯಿಸಲು ಬಿಲ್ಲು ಬೇಕೆಂದು ಅಂಗಡಿಯವರು ಹೇಳಿದರು. ಬಿಲ್ಲು ಕೇಳಿದರೆ ಅತ್ತೆಯವರಿಗೆ ವಿಷಯ ತಿಳಿಯುತ್ತದೆ. ನೋಯುವ ಮೊಣಕಾಲಿನಲ್ಲಿ ಅಂಗಡಿ ಅಂಗಡಿ ತಿರುಗಿ, “ನಿನಗ ಕಸೂತಿ ಅಂದ್ರ ಜೀವ ಅಲ್ಲೇನವಾ” ಎಂದು ಮಡಿಲಿಗೆ ಹಾಕಿದವರನ್ನು ನೋಯಿಸಲು ನನಗೆ ಮನಸ್ಸಾಗಲಿಲ್ಲ. ಶ್ರಾವಣದ ಮೊದಲ ಶುಕ್ರವಾರ ಅದನ್ನೇ ಉಟ್ಟು ಅವರನ್ನು ಊಟಕ್ಕೆ ಕರೆದೆ. ಅವರು ಸೆರಗನ್ನು ಸವರಿ ಸವರಿ ನೋಡಿದರು.

ನನ್ನ ಆಕ್ಷೇಪ ಅಂಗಡಿಯ ಮೇಲೆಯೇ. ಯಂತ್ರದ ಕಸೂತಿಯನ್ನು ಮಾರುವುದು ತಪ್ಪಲ್ಲ, ಆದರೆ ಅದಕ್ಕೆ ಕೈಕಸೂತಿಯ ಚೀಟಿ ಹಚ್ಚುವುದು ಕಣ್ಣು ಬಸಿದು ಎಳೆ ಎಣಿಸುವ ಹೆಣ್ಣುಮಕ್ಕಳಿಗೆ ಮಾಡುವ ಮೋಸ. ಆಯೇರಿಗೆ ಕೊಳ್ಳುವವರು ದುಡ್ಡು ಕೊಡುವ ಮುನ್ನ ಸೆರಗಿನ ಹಿಂಬದಿಯನ್ನು ಬೆಳಕಿಗೆ ಹಿಡಿದು ನೋಡಬೇಕು.