ಇರಾಕ್ ಯುದ್ಧ: ಬರ್ಡ್ ಭಾಷಣವೋ, ಕುಕ್ ಭಾಷಣವೋ?

ಇರಾಕ್ ಯುದ್ಧ ಬೇಡವೆಂದು 2003ರಲ್ಲಿ ಮಾಡಿದ ಈ ಎರಡು ಭಾಷಣಗಳಲ್ಲಿ ಒಂದನ್ನೇ ಓದಲು ಸಮಯವಿದ್ದರೆ, ರಾಬಿನ್ ಕುಕ್ ಅವರದ್ದನ್ನೇ ಆರಿಸಿಕೊಳ್ಳಿ.

ರಾಬರ್ಟ್ ಬರ್ಡ್ ಫೆಬ್ರವರಿ 12ರಂದು ಅಮೆರಿಕದ ಸೆನೆಟ್‌ನಲ್ಲಿ ಮಾತಾಡಿದರು. ಸದನ ಯಾಕೆ ಬಾಯಿ ಮುಚ್ಚಿ ಕೂತಿದೆ ಎಂಬ ಸಿಟ್ಟು ಅವರದು. ಇರಾಕಿನ ಸರ್ವಾಧಿಕಾರಿ ಸದ್ದಾಂ ಹುಸೇನ್ ನಂತರ ಅಧಿಕಾರ ಯಾರ ಕೈಗೆ ಎಂದೂ ಕೇಳಿದರು. ಮಾತಿನ ಸೊಗಸು ಇಲ್ಲೇ ಜಾಸ್ತಿ.

ಕುಕ್ ಮಾರ್ಚ್ 17ರಂದು ಬ್ರಿಟನ್ ಸಂಪುಟ ಬಿಟ್ಟು ಅಲ್ಲಿನ ಸಂಸತ್ತಿನ ಕೆಳಮನೆಯಾದ ಕಾಮನ್ಸ್ ಸಭೆಯಲ್ಲಿ ಎದ್ದು ನಿಂತರು. ಹಿಂದೆ ವಿದೇಶಾಂಗ ಸಚಿವರಾಗಿದ್ದವರು, ಸುಮ್ನೆ ಮಾತಾಡುವವರಲ್ಲ. ಅವರ ವಾದ ಇಷ್ಟು: ಇರಾಕಿನ ಸೇನೆ 1991ರ ಕೊಲ್ಲಿ ಯುದ್ಧದ ಹೊತ್ತಿಗೆ ಇದ್ದುದರ ಅರ್ಧಕ್ಕಿಂತ ಕಡಿಮೆ. ಸಾಮೂಹಿಕ ನಾಶದ ಅಸ್ತ್ರಗಳು ಬಹುಶಃ ಇಲ್ಲ. ಸದ್ದಾಂ ದುರ್ಬಲ, ಬೇಗ ಗೆಲ್ಲಬಹುದು ಅನ್ನುವವರೇ ಅವನು ದೊಡ್ಡ ಬೆದರಿಕೆ ಅನ್ನುವುದು ಹೇಗೆ? ಈ ಪ್ರಶ್ನೆಗೆ ಉತ್ತರ ಕಷ್ಟ, ಅಲ್ವಾ? ಆದರೂ ಮರುದಿನ ಯುದ್ಧಕ್ಕೆ ಒಪ್ಪಿಗೆ ಕೇಳಿದ ಮತದಾನದಲ್ಲಿ ಬ್ರಿಟನ್ ಸರ್ಕಾರ 412–149 ಮತಗಳಿಂದ ಗೆದ್ದಿತು. ಅಸ್ತ್ರಗಳು ಮಾತ್ರ ಸಿಗಲೇ ಇಲ್ಲ.