ಬುಕ್‌ಶೆಲ್ಫ್ ಸ್ಪೀಕರ್, ಹಲವು ಮಳೆಗಾಲಗಳ ನಂತರ: ಆಟಿ ತಿಂಗಳ ಮಳೆಯ ಮುಂದೆ ಸ್ಪೆಕ್ ಶೀಟ್ ನಿಲ್ಲುವುದಿಲ್ಲ

ತಗ್ಗಿನ ಸದ್ದು ಕೊಡುವ ದೊಡ್ಡ ಕೋನ್, ಅಂದರೆ ವೂಫರಿನ ಸುತ್ತ ಅಂಚಿನಂತೆ ಇರುವ ಫೋಮ್ ರಿಂಗಿಗೆ ಬೆರಳು ತಾಗಿಸಿದರೆ ಫೋಮೇ ಕರಿ ಮಸಿಯ ಹಾಗೆ ಬೆರಳಿಗೆ ಅಂಟಿಕೊಂಡು ಬರುತ್ತದೆ. ಮಂಗಳೂರು, ಉಡುಪಿ ಕಡೆಯವರು ಈ ಸ್ಪೀಕರಿನ ಬಗ್ಗೆ ಮೊದಲು ತಿಳಿಯಬೇಕಾದ್ದು ಇದನ್ನೇ. ಆರೂವರೆ ಇಂಚಿನ ವೂಫರ್, ಮೇಲಿನ ಸ್ವರಗಳಿಗೆ ಒಂದಿಂಚಿನ ಟ್ವೀಟರ್, ಹಿಂಬದಿಯಲ್ಲಿ ಗಾಳಿ ಓಡಾಡುವ ತೂತು ಅಂದರೆ ಪೋರ್ಟ್, 8 ಓಮ್ ಎಂಬುದನ್ನೆಲ್ಲ ಅಂಗಡಿಯವರು ಹೇಗೂ ಹೇಳಿರುತ್ತಾರೆ. ಕಂಪನಿಯ ಹೆಸರು ಬೇಡ. ಇದೇ ಫೋಮ್ ಹಾಕುವವರು ಬೇಕಷ್ಟು ಜನ ಇದ್ದಾರೆ, ಒಬ್ಬರನ್ನೇ ಬೈದು ಪ್ರಯೋಜನ ಇಲ್ಲ.

ಈ ಫೋಮ್ ಪಾಲಿಯುರಿಥೇನ್. ಗಾಳಿಯ ತೇವ ಅದರೊಳಗೆ ಸೇರಿ ಅಣುಗಳ ಕೊಂಡಿಯನ್ನೇ ಬಿಡಿಸುತ್ತದೆ. ಸೆಕೆ ಜೊತೆಗಿದ್ದರೆ ಕೆಲಸ ಇನ್ನೂ ಬೇಗ. ಒಣ ಹವೆಯ ಊರಿನಲ್ಲಿ ಹತ್ತು ಹದಿನೈದು ವರ್ಷ ಬಾಳುವ ರಿಂಗ್, ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಮೇಲೆ ಮಳೆ ಬೀಳುವ ನಮ್ಮ ಕರಾವಳಿಯಲ್ಲಿ ಅಷ್ಟು ದಿನ ಎಲ್ಲಿ ಬಾಳುತ್ತದೆ? ದಿನಕ್ಕೆ ಎಷ್ಟು ಹೊತ್ತು ಕೇಳುತ್ತೀರಿ ಎಂಬುದಕ್ಕೂ ಇದಕ್ಕೂ ಸಂಬಂಧ ಕಡಿಮೆ. ಪೆಟ್ಟಿಗೆಯಲ್ಲಿ ಸುಮ್ಮನೆ ಇಟ್ಟದ್ದೂ ಹಾಳಾಗುತ್ತದೆ. ಬ್ಯುಟೈಲ್ ರಬ್ಬರಿನ ಅಂಚಿಗೆ ಈ ರೋಗ ಇಲ್ಲ.

ಸಿಟ್ಟು ಬರುವುದು ಫೋಮಿನ ಮೇಲಲ್ಲ, ಖರೀದಿಗೆ ಮೊದಲು ಸಿಗುವ ಸಲಹೆಗಳ ಮೇಲೆ. ಆಡಿಯೋ ಹುಚ್ಚಿನವರು ನಾಲ್ಕು ಜನ ಜಗಲಿಯಲ್ಲಿ ಕೂತರೆ ಮಾತೆಲ್ಲ ಆಂಪ್ಲಿಫೈಯರ್ ಕೋನನ್ನು ಎಷ್ಟು ಹಿಡಿತದಲ್ಲಿಡುತ್ತದೆ ಎನ್ನುವ ಡ್ಯಾಂಪಿಂಗ್ ಫ್ಯಾಕ್ಟರ್, ಆಕ್ಸಿಜನ್ ಇಲ್ಲದ ತಾಮ್ರದ ಕೇಬಲ್, ಹೊಸ ಸ್ಪೀಕರನ್ನು ಇನ್ನೂರು ಗಂಟೆ ನುಡಿಸಿ ಪಳಗಿಸುವ ಬರ್ನ್-ಇನ್. ಫೋಮ್ ಹಗುರ, ಆದ್ದರಿಂದ ಧ್ವನಿ ಚುರುಕು ಎನ್ನುವ ವಾದವೂ ಬರುತ್ತದೆ. ವಾದ ಸುಳ್ಳಲ್ಲ. ಆದರೆ ಅದನ್ನು ಹೇಳುವವರಲ್ಲಿ ವೂಫರಿನ ಸ್ಕ್ರೂ ಒಮ್ಮೆಯಾದರೂ ಬಿಚ್ಚಿದವರು ಎಷ್ಟು ಮಂದಿ? ಬಿಚ್ಚಿದ್ದರೆ ಮೊದಲ ಪ್ರಶ್ನೆಯೇ "ಅಂಚು ಎಂಥದ್ದು, ಫೋಮಾ ರಬ್ಬರಾ?" ಎಂದಿರುತ್ತಿತ್ತು.

ಕೇಬಲ್ ವಿಷಯವನ್ನೇ ನೋಡಿ. ವೈರಿಂಗ್ ಅಂಗಡಿಯಲ್ಲಿ ಸಿಗುವ 1.5 ಚದರ ಮಿಲಿಮೀಟರ್ ತಾಮ್ರದ ತಂತಿಗೆ ಮೀಟರಿಗೆ ಸುಮಾರು 0.012 ಓಮ್ ರೋಧ. ಆಂಪ್ಲಿಫೈಯರಿನಿಂದ ಸ್ಪೀಕರಿಗೆ ಮೂರು ಮೀಟರ್ ಎಂದರೆ ಹೋಗಿ ಬರುವ ದಾರಿ ಆರು ಮೀಟರ್, ಒಟ್ಟು 0.07 ಓಮ್. 8 ಓಮಿನ ಸ್ಪೀಕರಿಗೆ ಇದರಿಂದ ಆಗುವ ನಷ್ಟ ಒಂದು ಡೆಸಿಬಲ್ಲಿನ ಹತ್ತನೇ ಒಂದು ಭಾಗಕ್ಕಿಂತಲೂ ಕಡಿಮೆ. ಲೆಕ್ಕ ಇಷ್ಟೇ, ಇದರ ಮೇಲೆ ಸಾವಿರಗಟ್ಟಲೆ ಸುರಿಯುವುದು ಅವರವರ ಖುಷಿ. ಲೆಕ್ಕದಲ್ಲಿ ಬಾರದ್ದು ಬೇರೆ ಉಂಟು: ಟರ್ಮಿನಲಿನ ಒಳಗೆ ತಾಮ್ರಕ್ಕೆ ಹಿಡಿಯುವ ಹಸಿರು ಕಿಲುಬು. ಎರಡು ಮಳೆಗಾಲ ತಿರುಪು ಮುಟ್ಟದೆ ಬಿಟ್ಟ ಜೋಡಣೆಯ ರೋಧ ಇಡೀ ಕೇಬಲಿನದ್ದನ್ನು ಮೀರಬಹುದು. ಅದೂ ಸ್ಥಿರವಲ್ಲ, ತಂತಿ ಅಲುಗಾಡಿದಂತೆ ಬದಲಾಗುತ್ತದೆ. ಒಂದು ಕಡೆಯ ಸ್ಪೀಕರ್ ಆಗಾಗ ಸೊರಗಿದರೆ ಆಂಪ್ಲಿಫೈಯರನ್ನು ಅನುಮಾನಿಸುವ ಮೊದಲು ಇದನ್ನು ನೋಡಿ. ಪರಿಹಾರ ಸುಲಭ. ಮೇ ಕೊನೆಯಲ್ಲಿ ತಂತಿಯ ತುದಿಯನ್ನು ಒಂದು ಸೆಂಟಿಮೀಟರ್ ಕತ್ತರಿಸಿ ಹೊಸ ತಾಮ್ರ ಬಿಡಿಸಿ, ಲಗ್ (ತುದಿಗೆ ತೊಡಿಸುವ ಲೋಹದ ಕೊಳವೆ) ಹಾಕಿ ಒತ್ತಿ, ಬಿಗಿ ಮಾಡಿ. ಎಳೆಗಳಿಗೆ ಬೆಸುಗೆ ಹಾಕಿ ಸ್ಕ್ರೂ ಕೆಳಗೆ ಇಡಬೇಡಿ. ಬೆಸುಗೆಯದ್ದು ಒತ್ತಡಕ್ಕೆ ನಿಧಾನವಾಗಿ ಹರಿಯುವ ಲೋಹ, ಕೆಲವು ತಿಂಗಳಲ್ಲಿ ಹಿಡಿತ ಸಡಿಲವಾಗುತ್ತದೆ.

ಹಾಗೆಂದು ಥಿಯರಿಯೇ ದಂಡ ಎನ್ನುವ ಇನ್ನೊಂದು ಗುಂಪಿದೆ, "ಕಿವಿಯೇ ಮೀಟರು" ಎನ್ನುವವರು. ಅವರಿಂದಲೂ ಈ ಸ್ಪೀಕರಿಗೆ ಉಪಕಾರ ಆಗಿಲ್ಲ. ಆಸ್ಟ್ರೇಲಿಯಾದ ನೆವಿಲ್ ಥೀಲ್ 1961ರಲ್ಲಿ ಮಂಡಿಸಿ, ರಿಚರ್ಡ್ ಸ್ಮಾಲ್ 1970ರ ದಶಕದಲ್ಲಿ ವಿಸ್ತರಿಸಿದ, ವೂಫರಿಗೂ ಪೆಟ್ಟಿಗೆಗೂ ಹೊಂದಿಕೆ ನೋಡುವ ಲೆಕ್ಕ ಇವತ್ತಿಗೂ ಪೆಟ್ಟಿಗೆ ಕಟ್ಟುವವರ ಆಧಾರ. ಅದರಲ್ಲಿ ಅರ್ಧದಷ್ಟನ್ನು ಮನೆಯಲ್ಲೇ ಪರೀಕ್ಷೆ ಮಾಡಬಹುದು. ವೂಫರನ್ನು ಪೆಟ್ಟಿಗೆಯಿಂದ ಹೊರಗೆ ತೆಗೆದು, ಆಂಪ್ಲಿಫೈಯರ್ ಮತ್ತು ವೂಫರ್ ನಡುವೆ 100 ಓಮ್, 5 ವ್ಯಾಟಿನ ರೆಸಿಸ್ಟರನ್ನು ಸರಣಿಯಲ್ಲಿ ಹಾಕಿ. ಫೋನಿನ ಟೋನ್ ಆ್ಯಪಿನಿಂದ 20 ಹರ್ಟ್ಜ್‌ನಿಂದ ಮೆಲ್ಲಗೆ ಮೇಲೆ ಹೋಗುತ್ತ ವೂಫರಿನ ಎರಡು ತುದಿಗಳ ನಡುವೆ ಎಸಿ ವೋಲ್ಟೇಜ್ ನೋಡಿ. ಎಲ್ಲಿ ಅತಿ ಹೆಚ್ಚು ಬರುತ್ತದೋ ಅದೇ ಅನುರಣನದ ಆವರ್ತನ, ಅಂದರೆ ಕೋನ್ ತಾನಾಗಿ ಕಂಪಿಸಲು ಒಲಿಯುವ ಸ್ವರ. ಮೀಟರಿನ ಎಸಿ ಭಾಗ ಮಿಲಿವೋಲ್ಟ್ ತೋರಿಸುವಂಥದ್ದಿರಬೇಕು. 200 ವೋಲ್ಟಿನಿಂದಲೇ ಶುರುವಾಗುವ ಅಗ್ಗದ ಮೀಟರಿನಲ್ಲಿ ಏನೂ ಕಾಣುವುದಿಲ್ಲ. ಜೋಡಿಯ ಎರಡು ವೂಫರುಗಳ ನಡುವೆ ನಾಲ್ಕೈದು ಹರ್ಟ್ಜ್‌ಗಿಂತ ಹೆಚ್ಚು ವ್ಯತ್ಯಾಸ ಬಂದರೆ ಒಂದರ ಅಂಚು ಕೆಟ್ಟಿದೆ ಅಥವಾ ಗಟ್ಟಿಯಾಗಿದೆ ಎಂದು ಅನುಮಾನಿಸಬಹುದು. ಬರ್ನ್-ಇನ್ ವಾದವೂ ಇದರಲ್ಲೇ ತೀರ್ಮಾನವಾಗುತ್ತದೆ. ಹೊಸ ರಿಂಗ್ ಹಾಕಿದ ದಿನ ಒಮ್ಮೆ, ಕೆಲವು ಗಂಟೆ ನುಡಿಸಿದ ಮೇಲೆ ಒಮ್ಮೆ, ತಿಂಗಳು ಕಳೆದು ಒಮ್ಮೆ ಅಳೆಯಿರಿ. ಸಡಿಲಾಗುವುದೆಲ್ಲ ಹೆಚ್ಚಾಗಿ ಮೊದಲ ಕೆಲವು ಗಂಟೆಯಲ್ಲೇ. ಆಮೇಲೆ ಹೊಂದಿಕೊಳ್ಳುವುದು ಕೇಳುವವರ ಕಿವಿ.

ರಿಂಗ್ ಬದಲಿಸುವ ಕೆಲಸಕ್ಕೆ ಬರೋಣ. ಕಂಪನಿಯ ಸರ್ವಿಸಿನವರು ಇಡೀ ವೂಫರ್ ಬದಲಿಸಿ ಎನ್ನುತ್ತಾರೆ, ಅದರ ಬೆಲೆ ಕೇಳಿದರೆ ಹೊಸ ಜೋಡಿ ಕೊಳ್ಳುವ ಮನಸ್ಸಾಗುತ್ತದೆ. ರಿಂಗಿಗೆ ಕೆಲವು ನೂರು ರೂಪಾಯಿ ಸಾಕು. "ಆರೂವರೆ ಇಂಚು" ಎಂದಷ್ಟೇ ಹೇಳಿ ತರಿಸಿದರೆ ಮಾತ್ರ ಸರಿಹೊಂದುವ ಖಾತ್ರಿ ಇಲ್ಲ. ಅಳತೆ ಮೂರು ಬೇಕು: ಫ್ರೇಮಿಗೆ ಅಂಟುವ ಹೊರ ವ್ಯಾಸ, ಕೋನಿಗೆ ಅಂಟುವ ಒಳ ವ್ಯಾಸ, ನಡುವಿನ ಉಬ್ಬಿನ ಅಗಲ. ಉಬ್ಬು ಕಿರಿದಾದರೆ ಕೋನಿನ ಓಟ ಮೊಟಕಾಗುತ್ತದೆ.

ಬಿಚ್ಚುವಾಗ ಕೋನಿನ ಮೇಲೆ ಒಂದು ರಟ್ಟು ಹಿಡಿಯಿರಿ. ಮ್ಯಾಗ್ನೆಟ್ ಸ್ಕ್ರೂಡ್ರೈವರನ್ನು ಎಳೆದುಕೊಂಡು ಕೋನಿನಲ್ಲಿ ತೂತು ಮಾಡಿಸುವುದು ಮಾಮೂಲಿ ಅನಾಹುತ. ಕೆಂಪು ವೈರ್ ಯಾವ ತುದಿಯಲ್ಲಿತ್ತು ಎಂದು ಫೋಟೋ ತೆಗೆಯಿರಿ. ಹಳೇ ರಿಂಗ್ ಕೋನಿನ ಮೇಲ್ಭಾಗಕ್ಕೆ ಅಂಟಿತ್ತೋ ಕೆಳಗೋ ನೋಡಿಕೊಳ್ಳಿ, ಹೊಸದೂ ಅಲ್ಲಿಗೇ ಹೋಗಬೇಕು. ಹಳೇ ಫೋಮನ್ನು ಐಸ್ ಕ್ರೀಮ್ ಕಡ್ಡಿಯಿಂದ ಕೆರೆದು, ಉಳಿದ ಅಂಟನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ. ನೈಲ್ ಪಾಲಿಶ್ ತೆಗೆಯುವ ಅಸಿಟೋನ್ ಬೇಡ, ಕೋನನ್ನು ಹಿಂದಿನಿಂದ ಓಡಿಸುವ ಕಾಯಿಲಿನ (ತಂತಿ ಸುರುಳಿಯ) ಅಂಟಿಗೂ ಅದು ಇಳಿದರೆ ಕೆಲಸ ಕೆಟ್ಟಿತು. ಈ ಕೆರೆಯುವ ಕೆಲಸವೇ ಮುಕ್ಕಾಲು ಪಾಲು. ಚೂರು ಉಳಿದರೂ ಹೊಸ ಅಂಟು ಅಲ್ಲಿಂದಲೇ ಏಳುತ್ತದೆ.

ಅಂಟು ಒಣಗಿದ ಮೇಲೂ ಬಾಗುವ ಬಿಳಿ ಅಂಟಾಗಿರಬೇಕು. ಮರಗೆಲಸದ್ದು ಗಡುಸಾಗುತ್ತದೆ, ತಕ್ಷಣ ಹಿಡಿಯುವ ಗೊಂದು ಸರಿಪಡಿಸಲು ಸಮಯ ಕೊಡುವುದಿಲ್ಲ. ಮೊದಲು ಕೋನಿಗೆ ಮಾತ್ರ ಅಂಟಿಸಿ ಒಂದು ದಿನ ಬಿಡಿ. ಮರುದಿನ ಫ್ರೇಮಿಗೆ ಅಂಟು ಸವರಿ, ಅದು ಇನ್ನೂ ಹಸಿಯಿರುವಾಗಲೇ 30 ಹರ್ಟ್ಜ್ ಟೋನ್ ಹಾಕಿ, ಕೋನ್ ಕಣ್ಣಿಗೆ ಕಾಣುವಷ್ಟು, ಎರಡು ಮೂರು ಮಿಲಿಮೀಟರ್ ಓಡಾಡಲಿ. ಕಾಯಿಲ್ ಒಂದು ಬದಿಗೆ ಉಜ್ಜುತ್ತಿದ್ದರೆ ಕೆರೆತದ ಸದ್ದು ಸ್ಪಷ್ಟ ಕೇಳುತ್ತದೆ. ರಿಂಗನ್ನು ಕೂದಲೆಳೆಯಷ್ಟು ಆಚೀಚೆ ಸರಿಸುತ್ತ, ಆ ಸದ್ದು ಪೂರ್ತಿ ನಿಂತ ಜಾಗದಲ್ಲಿ ಬಟ್ಟೆ ಕ್ಲಿಪ್ ಹಾಕಿ ಹಿಡಿಸಿ. ಇಲ್ಲಿ ಅವಸರ ಮಾಡಿದರೆ ಎರಡನೇ ರಿಂಗ್ ತರಿಸಬೇಕಾದೀತು. ಕೊನೆಗೆ 1.5 ವೋಲ್ಟ್ ಸೆಲ್ಲಿನ ಧನ ತುದಿಯನ್ನು ವೂಫರಿನ ಧನ ತುದಿಗೆ, ಋಣವನ್ನು ಋಣಕ್ಕೆ ಒಂದು ಕ್ಷಣ ಮುಟ್ಟಿಸಿ. ಕೋನ್ ಹೊರಗೆ ಜಿಗಿದರೆ ಸರಿ. ಒಂದರಲ್ಲಿ ಹೊರಗೆ, ಇನ್ನೊಂದರಲ್ಲಿ ಒಳಗೆ ಹೋದರೆ ತಂತಿ ಅದಲುಬದಲು, ಬಾಸ್ ಮಾಯವಾಗುತ್ತದೆ.

ಕೆಲಸಕ್ಕೆ ಜನವರಿ, ಫೆಬ್ರವರಿ ಒಳ್ಳೆಯದು. ಬಿಳಿ ಅಂಟು ಗಟ್ಟಿಯಾಗುವುದು ನೀರು ಆರಿದ ಮೇಲೆಯೇ. ಕೊಡೆಯೇ ಒಣಗದ, ಜುಲೈ-ಆಗಸ್ಟಿನ ಆಟಿ ತಿಂಗಳಲ್ಲಿ ಅಂಟು ಹೇಗೆ ಒಣಗೀತು, ಮಾರಾಯ್ರೇ? ಡಬ್ಬದ ಮೇಲೆ ಒಂದು ದಿನ ಎಂದಿದ್ದರೆ ಮೂರು ದಿನ ಕಾಯಿರಿ.

ಇಷ್ಟು ಮಾಡಿದ ಮೇಲೆ ಇದರ ಮೇಲಿನ ಸಿಟ್ಟು ಅರ್ಧ ಇಳಿಯುತ್ತದೆ. ವೂಫರಿನ ಸ್ಕ್ರೂಗಳೆಲ್ಲ ಮುಂಭಾಗದಲ್ಲೇ ಇವೆ, ಕನೆಕ್ಟರ್ ಎಳೆದರೆ ಬರುತ್ತದೆ, ಸದ್ದನ್ನು ವೂಫರಿಗೂ ಟ್ವೀಟರಿಗೂ ಹಂಚುವ ಕ್ರಾಸ್ಓವರ್ ಬೋರ್ಡು ಕೈಗೆ ಸಿಗುತ್ತದೆ. ಈಗಿನ ಬ್ಲೂಟೂತ್ ಡಬ್ಬಿಗಳಲ್ಲಿ ಎಲ್ಲವನ್ನೂ ಅಂಟು ಹಾಕಿ ಮುಚ್ಚಿರುತ್ತಾರೆ, ಹಾಳಾದರೆ ಗುಜರಿಗೇ. ಇದನ್ನು ಮಾಡಿದವನು ರಿಪೇರಿ ಮಾಡುವವನನ್ನು ನೆನಪಿಟ್ಟುಕೊಂಡೇ ಮಾಡಿದ್ದಾನೆ, ಫೋಮ್ ಒಂದನ್ನು ಬಿಟ್ಟು.

ಮಳೆಗಾಲದ ದಿನಚರಿ ಹೀಗೆ. ರಾತ್ರಿ ಹಳೇ ಹತ್ತಿಯ ಪಂಚೆ ಹೊದಿಸುವುದು. ಪ್ಲಾಸ್ಟಿಕ್ ಕವರ್ ಹಾಕಿದರೆ ಒಳಗೆ ತೇವ ಸಿಕ್ಕಿಬಿದ್ದು ಪೇಪರ್ ಕೋನಿಗೆ ಬಿಳಿ ಬೂಸ್ಟು ಬರುತ್ತದೆ. ಬೆಳಿಗ್ಗೆ ಪಂಚೆ ತೆಗೆದು, ಗ್ರಿಲ್ ಕಳಚಿ, ಮೆತ್ತಗಿನ ಬ್ರಶ್ಶಿನಿಂದ ಕೋನನ್ನು ಒಳಗಿನಿಂದ ಹೊರಗೆ ಒಂದು ಸುತ್ತು ಸವರುವುದು. ಆಂಪ್ಲಿಫೈಯರ್ ಹಾಕಿ ಹತ್ತು ನಿಮಿಷ ಸಣ್ಣ ಸದ್ದಿನಲ್ಲಿ ಬಿಡುವುದು, ಅದರ ಬಿಸಿಗೆ ಒಳಗಿನ ರಿಲೇ (ಸ್ಪೀಕರಿಗೆ ಸದ್ದು ಬಿಡುವ ಸ್ವಿಚ್ಚು) ಮತ್ತು ವಾಲ್ಯೂಮ್ ತಿರುಗಿಸುವ ಪಾಟ್ ಒಣಗುತ್ತವೆ. ಒಂದು ಚಾನೆಲ್ ಮಾತ್ರ ಮೌನವಾಗಿದ್ದು, ಸದ್ದು ಜಾಸ್ತಿ ಮಾಡಿದಾಗ ಥಟ್ಟನೆ ಬಂದರೆ ಅದು ರಿಲೇ ಕಾಂಟ್ಯಾಕ್ಟಿನ ಕಿಲುಬು, ಸ್ಪೀಕರಿನ ತಪ್ಪಲ್ಲ. ನೆಲ ಒರೆಸುವ ದಿನ ಸ್ಪೀಕರನ್ನು ಎತ್ತಿಡುವುದು ಕಡ್ಡಾಯ. ಮರದ ನಾರು ಒತ್ತಿ ಮಾಡಿದ ಎಂಡಿಎಫ್ ಪೆಟ್ಟಿಗೆಯ ತಳ ನೀರು ಕುಡಿದು ಊದಿದರೆ ಮತ್ತೆ ಇಳಿಯುವುದಿಲ್ಲ. ಸ್ಟ್ಯಾಂಡಿಗೆ ಕೆಂಪುಕಲ್ಲು ಸಾಕು, ಭಾರವಾಗಿದೆ, ಅಲುಗಾಡುವುದಿಲ್ಲ. ಪುಡಿ ಉದುರದಂತೆ ಒಂದು ಕೋಟ್ ಪೇಂಟ್ ಕೊಡಿ, ಟ್ವೀಟರ್ ಕೂತವರ ಕಿವಿಯ ಎತ್ತರಕ್ಕೆ ಬರುವಷ್ಟು ಪೇರಿಸಿ. ಗುಡುಗು ಶುರುವಾಗುವ ಏಪ್ರಿಲ್, ಮೇಯಲ್ಲಿ ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ಗನ್ನೇ ಕಿತ್ತಿಡಬೇಕು.

ಹಿಂದಿನ ಪೋರ್ಟಿನದ್ದು ಬೇರೆಯೇ ಕತೆ. ಹಲ್ಲಿಗೆ ಮೊಟ್ಟೆ ಇಡಲು, ಮಣ್ಣಿನ ಗೂಡು ಕಟ್ಟುವ ಕಣಜಕ್ಕೆ ಸಂಸಾರ ಹೂಡಲು ಇದಕ್ಕಿಂತ ಒಳ್ಳೆ ಜಾಗ ಇಲ್ಲ. ಒಂದು ಪದರ ಸೊಳ್ಳೆ ಪರದೆಯನ್ನು ಬಿಗಿಯಾಗಿ ಎಳೆದು ರಬ್ಬರ್ ಬ್ಯಾಂಡ್ ಹಾಕಿದರೆ ಆಯಿತು. ಪರದೆ ಪೋರ್ಟಿನ ಟ್ಯೂನಿಂಗ್, ಅಂದರೆ ಪೋರ್ಟ್ ನುಡಿಯುವ ತಗ್ಗಿನ ಸ್ವರವನ್ನು ಕೆಡಿಸುತ್ತದೆ ಎಂಬ ಆಕ್ಷೇಪ ಬರುತ್ತದೆ. ವೂಫರನ್ನು ಪೆಟ್ಟಿಗೆಯಲ್ಲಿಟ್ಟು ಮೇಲಿನ ಅದೇ ಪರೀಕ್ಷೆ ಮಾಡಿದರೆ ಎರಡು ಶಿಖರ, ನಡುವೆ ಒಂದು ತಗ್ಗು ಕಾಣುತ್ತದೆ, ಆ ತಗ್ಗೇ ಟ್ಯೂನಿಂಗ್. ಒಂದು ಪದರಕ್ಕೆ ಅದು ಕಾಣುವಷ್ಟು ಜರುಗುವುದಿಲ್ಲ. ಸಡಿಲ ಪರದೆ ಮಾತ್ರ ಜೋರು ಸದ್ದಿಗೆ ಪಟಪಟ ಎನ್ನುತ್ತದೆ.

ಕೋಣೆಯ ಬಗ್ಗೆ ಎರಡೇ ಮಾತು. ಹತ್ತು ಹನ್ನೆರಡು ಅಡಿಯ ಕೋಣೆಯಲ್ಲಿ ಗೋಡೆಗಳ ನಡುವೆ ಸುಮಾರು 56 ಮತ್ತು 47 ಹರ್ಟ್ಜ್ ತುಂಬಿ ಗುಂಯ್ಗುಡುತ್ತವೆ. ಸ್ಪೀಕರನ್ನು ಹಿಂದಿನ ಗೋಡೆಯಿಂದ ಎರಡಡಿ ಮುಂದೆ ತಂದು, ಕೂರುವ ಕುರ್ಚಿಯನ್ನು ಒಂದಡಿ ಆಚೀಚೆ ಮಾಡಿದರೆ ಆಗುವ ವ್ಯತ್ಯಾಸ ಯಾವ ಕೇಬಲಿನಿಂದಲೂ ಆಗದು. ಇಳಿಜಾರು ಹಂಚಿನ ಮಾಡಿನ ಮನೆಯಲ್ಲಿ ಮೇಲಿನಿಂದ ಬರುವ ಪ್ರತಿಧ್ವನಿಯ ಕಾಟ ಕಡಿಮೆ, ಟೈಲ್ಸ್ ಹಾಸಿದ ಫ್ಲಾಟಿನಲ್ಲಿ ಜಾಸ್ತಿ. ಜುಲೈಯಲ್ಲಿ ಹಂಚಿನ ಮೇಲೆ ಮಳೆ ಹೊಡೆಯುವಾಗ ಸೂಕ್ಷ್ಮ ಕೇಳುವ ಆಸೆ ಬಿಟ್ಟುಬಿಡಿ.

ಧ್ವನಿ? ಅಂಚು ಸರಿಯಿದ್ದಾಗ ಮಧ್ಯದ ಸ್ವರಗಳು ಈ ಬೆಲೆಗೆ ಮೀರಿದ್ದು. ಕದ್ರಿ ಗೋಪಾಲನಾಥರ ಸ್ಯಾಕ್ಸೋಫೋನಿನಲ್ಲಿ ಗಮಕ ಜಾರುವಾಗ ಉಸಿರಿನ ಸದ್ದು ಮತ್ತು ಸ್ವರ ಬೇರೆ ಬೇರೆಯಾಗಿ ಕೇಳುತ್ತವೆ. ತಾಳಮದ್ದಳೆಯ ಧ್ವನಿಮುದ್ರಣ ಹಾಕಿದರೆ ಅರ್ಥಧಾರಿಯ ಮಾತು ಎರಡು ಸ್ಪೀಕರುಗಳ ನಡುವೆ ಗಟ್ಟಿಯಾಗಿ ನಿಲ್ಲುತ್ತದೆ. ಚೆಂಡೆಯ ಪೆಟ್ಟಿಗೆ ಬೇಕಾದ ಚುರುಕುತನ ಹಗುರ ಫೋಮಿನದ್ದೇ ಕೊಡುಗೆ ಎಂದು ಒಪ್ಪಬೇಕು, ಆ ಮಟ್ಟಿಗೆ ಥಿಯರಿಯವರು ಗೆದ್ದರು. ಅಂಚು ಹರಿಯಲು ಶುರುವಾದಾಗ ಮೊದಲು ಕೆಡುವುದು ಮದ್ದಳೆಯ ತಗ್ಗಿನ ಪೆಟ್ಟು, ಕಾಗದ ಹರಿದ ಹಾಗೆ ಬರ್ರ್ ಎನ್ನುತ್ತದೆ.

ಹೊಸದಾಗಿ ಪೂರ್ತಿ ಬೆಲೆ ಕೊಟ್ಟು ಇದನ್ನು ಕರಾವಳಿಯವರು ಕೊಳ್ಳುವುದು ಬೇಡ. ಅದೇ ದುಡ್ಡಿಗೆ ರಬ್ಬರ್ ಅಂಚಿನದ್ದು ಸಿಗುತ್ತದೆ, ಸೆನ್ಸಿಟಿವಿಟಿ, ಅಂದರೆ ಅದೇ ಪವರಿಗೆ ಬರುವ ಸದ್ದು, ಒಂದೆರಡು ಡೆಸಿಬಲ್ ಕಡಿಮೆಯಿದ್ದರೂ ಸಣ್ಣ ಕೋಣೆಗೆ ಧಾರಾಳ. ಸೆಕೆಂಡ್ ಹ್ಯಾಂಡ್ ಆದರೆ ಮಾತು ಬೇರೆ. ಫೋಮ್ ಹೋಗಿದೆ ಎಂದೇ ಅರ್ಧಕ್ಕಿಂತ ಕಡಿಮೆಗೆ ಕೊಡುವವರಿದ್ದಾರೆ, ಕೈಯಲ್ಲಿ ಅಂಟು ಹಿಡಿಯಲು ತಯಾರಿದ್ದರೆ ತೆಗೆದುಕೊಳ್ಳಿ. ನೋಡುವಾಗ ಗ್ರಿಲ್ ತೆಗೆಸಿ, ಕೋನಿನ ಎರಡು ಬದಿಗೆ ಬೆರಳಿಟ್ಟು ಸಮನಾಗಿ, ಹಗುರವಾಗಿ ಒತ್ತಿ. ಅಂಚು ಹರಿದಿದ್ದರೂ ಕೋನ್ ಸದ್ದಿಲ್ಲದೆ ಒಳಗೆ ಹೋಗಿ ಬಂದರೆ ಕಾಯಿಲ್ ಚೆನ್ನಾಗಿದೆ. ಕರಕರ ಎಂದರೆ ಹರಿದ ಅಂಚಿನಲ್ಲೇ ಜೋರಾಗಿ ನುಡಿಸಿದ್ದಾರೆ ಎಂದು ಅರ್ಥ, ಎಷ್ಟು ಅಗ್ಗವಾದರೂ ಬಿಟ್ಟು ಬನ್ನಿ. ಮಲ್ಟಿಮೀಟರಿನಲ್ಲಿ ಟರ್ಮಿನಲಿನ ಡಿಸಿ ರೋಧ ಆರೇಳು ಓಮ್ ತೋರಿಸಬೇಕು, ಎರಡೂ ಸ್ಪೀಕರಿನಲ್ಲಿ ಹತ್ತಿರ ಹತ್ತಿರ ಇರಬೇಕು. ಮಾರುವವರು ಅಳೆಯಲು ಬಿಡದಿದ್ದರೆ ವ್ಯಾಪಾರವೇ ಬೇಡ.